ಮುಂದೆ ಕಳುಹಿಸಿದವನ ಪಾಲೆಷ್ಟು?

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ಮಂದಿರದಲ್ಲಿ ನಡೆದ ಸಭಾಪರ್ವದ ಪ್ರವಚನಮಾಲೆಯಲ್ಲಿ, ದ್ಯೂತಸಭೆಯಲ್ಲಿ ಮೌನವಾಗಿ ಕುಳಿತಿದ್ದ ಹಿರಿಯರ ವಿಷಯವನ್ನು ನಾವು ತುಸು ಕಟುವಾಗಿಯೇ ವಿವರಿಸಿದ್ದೆವು. ಮಂಗಳಾರತಿಯಾಗಿ, ತೀರ್ಥಪ್ರಸಾದ ವಿನಿಯೋಗವೂ ಮುಗಿದು ಜನರು ಚದುರುತ್ತಿದ್ದಾಗ ಗೃಹಿಣಿಯೊಬ್ಬರು ಹತ್ತಿರ ಬಂದು ನಿಂತರು. "ಆಚಾರ್ಯರೇ, ಒಂದು ಮಾತು ಕೇಳಬೇಕಾಗಿತ್ತು. ನನ್ನ ಮಗ ತಾನಾಗಿ ಏನೂ ಮಾಡಲಿಲ್ಲ. ಬಂದದ್ದನ್ನು ಮುಂದೆ ಕಳುಹಿಸಿದ, ಅಷ್ಟೆ. ಪಾಪದಲ್ಲಿ ಅವನಿಗೂ ಪಾಲು ಉಂಟೇನು?" ಎಂದು ಕೇಳಿದರು.

ಸಂಗತಿ ಇಷ್ಟು. ಅವರ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅದೇ ತರಗತಿಯಲ್ಲಿ ಮಾತಿನಲ್ಲಿ ಉಗ್ಗುವ ಹುಡುಗನೊಬ್ಬನಿದ್ದಾನೆ. ಆತ ಎದ್ದು ನಿಂತು ಪಾಠವನ್ನು ಓದುತ್ತಿರುವಾಗ ಯಾರೋ ಗುಟ್ಟಾಗಿ ಮೊಬೈಲಿನಲ್ಲಿ ಚಿತ್ರೀಕರಿಸಿದರು. ಇನ್ನಾರೋ ಅವನ ಉಗ್ಗಿಗೆ ಸಿನಿಮಾ ಹಾಡಿನ ತಾಳವನ್ನು ಜೋಡಿಸಿದರು. ಇಪ್ಪತ್ತು ಸೆಕೆಂಡಿನ ಆ ತುಣುಕು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾಣಿಸಿಕೊಂಡ ರಾತ್ರಿ, ಈ ತಾಯಿಯ ಮಗ ಅದನ್ನು ತಮ್ಮ ವಸತಿ ಸಮುಚ್ಚಯದ ಹುಡುಗರ ಗುಂಪಿಗೆ ರವಾನಿಸಿದ. ನಗುವ ಮುಖದ ಮೂರು ಚಿಹ್ನೆಗಳನ್ನೂ ಸೇರಿಸಿದ. ಎರಡು ದಿನಗಳಲ್ಲಿ ಉಗ್ಗುವ ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ. ಮೂರನೆಯ ವಾರ ಶಾಲೆಯವರು ಕೆಲವು ತಂದೆತಾಯಿಗಳನ್ನು ಕರೆಸಿದಾಗಲೇ ಈಕೆಗೆ ವಿಷಯ ತಿಳಿದದ್ದು. ಮಗನ ಉತ್ತರ ಒಂದೇ: "ಚಿತ್ರ ತೆಗೆದವನು ನಾನಲ್ಲ, ಹಾಡು ಜೋಡಿಸಿದವನೂ ನಾನಲ್ಲ."

ಭೀಷ್ಮರ ಮೌನವನ್ನು ಆಗಷ್ಟೇ ಆಕ್ಷೇಪಿಸಿ ವ್ಯಾಸಪೀಠದಿಂದ ಇಳಿದ ನಮಗೆ ಈ ತಾಯಿಯ ಎದುರಿನಲ್ಲಿ ಮಾತು ಹೊರಡಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ವಿಚಾರ ಮಾಡಿ ಹೇಳುತ್ತೇವೆ ಎಂದಷ್ಟೇ ಹೇಳಿ ಕಳುಹಿಸಿದೆವು. ಆ ವಿಚಾರದ ಫಲವೇ ಈ ಲೇಖನ.

ಮೊದಲಿಗೆ ಒಂದು ಆಕ್ಷೇಪವನ್ನು ಪರಿಶೀಲಿಸೋಣ. ಮಕ್ಕಳು ಮಕ್ಕಳನ್ನು ಅಣಕಿಸುವುದು ಯಾವ ಕಾಲದಲ್ಲಿ ಇರಲಿಲ್ಲ? ಕುಂಟನನ್ನು ಕುಂಟನೆಂದೂ ಕಪ್ಪಗಿದ್ದವನನ್ನು ಕರಿಯನೆಂದೂ ಕರೆದವರು ನಮ್ಮ ಕಾಲದಲ್ಲೂ ಇದ್ದರಲ್ಲವೇ? ಇದ್ದರು, ನಿಜ. ಆದರೆ ಅಂದಿನ ಅಣಕಕ್ಕೆ ಒಂದು ಹೊಸ್ತಿಲಿತ್ತು. ಸಂಜೆ ಮನೆಯ ಬಾಗಿಲೊಳಗೆ ಕಾಲಿಟ್ಟರೆ ಅದು ಬೀದಿಯಲ್ಲೇ ಉಳಿಯುತ್ತಿತ್ತು. ಬೇಸಿಗೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋದರೆ ಮರೆತೂ ಹೋಗುತ್ತಿತ್ತು. ಇಂದಿನದು ಹಾಸಿಗೆಯ ಪಕ್ಕದವರೆಗೂ ಬರುತ್ತದೆ, ಅಜ್ಜಿಯ ಊರಿಗೂ ಬರುತ್ತದೆ. ಒಂದು ಸಾರಿ ಆಡಿದ್ದು ಆಡಿದಷ್ಟೇ ಹೊಸದಾಗಿ ಸಾವಿರ ಸಾರಿ ಕೇಳಿಸುತ್ತದೆ. ಇನ್ನೊಂದು ಭೇದವೂ ಇದೆ. ಎದುರಿಗೆ ನಿಂತು ಅಣಕಿಸುವವನಿಗೆ ಪೀಡಿತನ ಮುಖ ಕಾಣುತ್ತದೆ. ಆ ಕಣ್ಣು ತುಂಬಿದಾಗ ನೂರರಲ್ಲಿ ಹತ್ತು ಮಂದಿಯಾದರೂ ಸುಮ್ಮನಾಗುತ್ತಿದ್ದರು. ಗಾಜಿನ ಹಲಗೆಯ ಮೇಲೆ ಬೆರಳಾಡಿಸುವವನಿಗೆ ಆ ಮುಖ ಕಾಣುವುದಿಲ್ಲ.

ಆ ಬೆರಳೇಕೆ ಅಷ್ಟು ಅವಸರಪಡುತ್ತದೆ ಎಂಬುದನ್ನೂ ತಿಳಿಯತಕ್ಕದ್ದು. ಅಂತರಜಾಲದ ಚಟ, ಅಂತರಜಾಲದ ಪೀಡನೆ ಎಂದು ಲೋಕದಲ್ಲಿ ಇವೆರಡನ್ನೂ ಬೇರೆ ಬೇರೆ ರೋಗಗಳೆಂಬಂತೆ ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಒಂದು ಇನ್ನೊಂದರ ದಾರಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಎಂಬಾತ ಕಳೆದ ಶತಮಾನದಲ್ಲಿ ಪಾರಿವಾಳಗಳನ್ನಿಟ್ಟು ಪ್ರಯೋಗ ಮಾಡಿ ಒಂದು ಸಂಗತಿಯನ್ನು ಕಂಡುಕೊಂಡ. ಕುಕ್ಕಿದಾಗಲೆಲ್ಲ ಕಾಳು ದೊರೆಯುತ್ತಿದ್ದ ಹಕ್ಕಿ, ಕಾಳು ನಿಂತೊಡನೆ ಕುಕ್ಕುವುದನ್ನೂ ಬೇಗನೆ ಬಿಡುತ್ತದೆ. ಯಾವಾಗ ದೊರೆಯುವುದೆಂದು ಗೊತ್ತಿಲ್ಲದೆ ಒಮ್ಮೆ ದೊರೆತು ಒಮ್ಮೆ ದೊರೆಯದೆ ಇದ್ದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರಗಳು ಈ ಸೂತ್ರದ ಮೇಲೆಯೇ ನಡೆಯುವುದು. ದ್ಯೂತದ ವಿಷಯವಾಗಿ ಧರ್ಮರಾಜನ ಅವಸ್ಥೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಫೇಸ್‌ಬುಕ್ಕಿನಲ್ಲಿ 'ಲೈಕ್' ಗುಂಡಿ ಬಂದದ್ದು 2009ರಲ್ಲಿ. ಎಷ್ಟು ಎಳೆದರೂ ಮುಗಿಯದ ಪುಟವೆಂಬ ಉಪಾಯವನ್ನು 2006ರಲ್ಲಿ ರೂಪಿಸಿದ ಏಜ಼ಾ ರಾಸ್ಕಿನ್ ಎಂಬ ತಂತ್ರಜ್ಞ, ಮುಂದೆ ತಾನೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಊಟಕ್ಕೆ ಕುಳಿತವನ ಎಲೆಯಲ್ಲಿ ಅನ್ನ ಮುಗಿಯುವುದೇ ಇಲ್ಲವಾದರೆ ಅವನು ಏಳುವುದಾದರೂ ಎಂದು?

ಹದಿಹರೆಯದವರಲ್ಲಿ ಈ ಸೆಳೆತ ಹೆಚ್ಚು. ಮೆದುಳಿನಲ್ಲಿ ಸುಖವನ್ನು ಅರಸುವ ಭಾಗ ಆ ವಯಸ್ಸಿನಲ್ಲೇ ಚುರುಕಾಗಿರುತ್ತದೆ. ತಡೆದು ಯೋಚಿಸುವ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಇಂಥ ವಯಸ್ಸಿನವರ ಕೈಗೆ 2016ರಿಂದ ಅಗ್ಗದ ಅಂತರಜಾಲವೂ, 2020ರಲ್ಲಿ ಕೊರೊನಾ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠದ ನೆಪದಲ್ಲಿ ಮೊಬೈಲೂ ಬಂದವು. ಕೊಟ್ಟವರು ನಾವೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ 2014ರಲ್ಲಿ 'ಷಟ್' ಎಂಬ ಹೆಸರಿನ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ಗೇಮುಗಳ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಸೇರಿಸಿತು; ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರ ಲಕ್ಷಣ ಹೀಗೆ: ನಿಗ್ರಹ ತಪ್ಪುವುದು, ಉಳಿದ ಕರ್ತವ್ಯಗಳೆಲ್ಲ ಹಿಂದೆ ಬೀಳುವುದು, ಹಾನಿಯಾಗುತ್ತಿದೆಯೆಂದು ಕಂಡರೂ ಬಿಡಲಾಗದಿರುವುದು. ದಿನಕ್ಕೆ ಇಂತಿಷ್ಟು ಗಂಟೆ ಎಂಬುದಲ್ಲ ಅಳತೆ.

ಹೀಗಿರುವಾಗ ಪೂರ್ವಪಕ್ಷಿಯೊಬ್ಬ ಏಳುತ್ತಾನೆ: "ಹಾಗಾದರೆ ಆ ಹುಡುಗ ಪರವಶ. ಯಂತ್ರ ಎಳೆಯಿತು, ಬೆರಳು ಒತ್ತಿತು. ಪರವಶನಾದವನಿಗೆ ದೋಷವೆಲ್ಲಿಂದ?" ಇದಕ್ಕೆ ಸಮಾಧಾನವನ್ನು ನಮ್ಮ ವಾಚಕರು ಬೇರೊಂದು ಸಂದರ್ಭದಲ್ಲಿ ಅನೇಕ ಸಾರಿ ಕೇಳಿದ್ದಾರೆ. ಜೀವನು ಸ್ವತಂತ್ರನಲ್ಲ, ಆದರೂ ಅವನ ಕರ್ತೃತ್ವ ಸುಳ್ಳಲ್ಲ; ಪರಾಧೀನವಾದರೂ ನಿಜವಾದ ಕರ್ತೃತ್ವವೇ ಅದು. ಇಲ್ಲವಾದರೆ ಹೀಗೆ ಮಾಡು, ಹೀಗೆ ಮಾಡಬೇಡ ಎಂದು ಶಾಸ್ತ್ರ ಯಾರಿಗೆ ಹೇಳಬೇಕು? ಸೆಳೆತ ಎಷ್ಟೇ ಪ್ರಬಲವಾಗಿರಲಿ, ನಗುವ ಮುಖದ ಚಿಹ್ನೆಗಳನ್ನು ಆರಿಸಿ ಒತ್ತಿದ್ದು ಯಂತ್ರವಲ್ಲ. ಸೆಳೆತವಿತ್ತೆಂಬುದು ದೋಷವನ್ನು ಹಗುರ ಮಾಡಬಹುದು, ಇಲ್ಲದಂತೆ ಮಾಡಲಾರದು. ಪತಂಜಲಿಗಳು ಹಿಂಸೆಯನ್ನು ಮೂರು ವಿಧವಾಗಿ ವಿಂಗಡಿಸುತ್ತಾರೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು. ಮೂರನ್ನೂ ಅವರು ಹಿಂಸೆಯೆಂದೇ ಕರೆದರು. ಹೆಬ್ಬೆರಳೆತ್ತಿದ ಆ ಪುಟ್ಟ ಚಿಹ್ನೆಗೆ ಸಂಸ್ಕೃತದಲ್ಲಿ ಹೆಸರಿಡುವುದಾದರೆ ಅನುಮೋದನ ಎಂಬುದಕ್ಕಿಂತ ಸರಿಯಾದ ಪದ ಸಿಕ್ಕಲಾರದು.

ಇಷ್ಟಾದರೂ ಪ್ರಶ್ನೆ ಉಳಿದೇ ಇದೆ: ಪಾಲೆಷ್ಟು? ಕೆನಡಾ ದೇಶದಲ್ಲಿ ನಡೆದ ಒಂದು ಪ್ರಕರಣ ಇಲ್ಲಿ ಸ್ಮರಣಾರ್ಹ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಅಮಾಂಡಾ ಟಾಡ್ ಎಂಬ ಬಾಲಕಿಯನ್ನು ಅಂತರಜಾಲದಲ್ಲಿ ಅಪರಿಚಿತನೊಬ್ಬ ಪುಸಲಾಯಿಸಿ, ಆಕೆ ತೋರಬಾರದ ಸ್ಥಿತಿಯಲ್ಲಿದ್ದ ಚಿತ್ರವೊಂದನ್ನು ಪಡೆದ, ಬಳಿಕ ಬೆದರಿಸಿದ, ಕಡೆಗೆ ಆಕೆಯನ್ನು ಬಲ್ಲವರಿಗೆಲ್ಲ ಅದನ್ನು ಹಂಚಿದ. ಆಕೆ ಶಾಲೆ ಬದಲಾಯಿಸಿದಳು; ಚಿತ್ರ ಅಲ್ಲಿಗೂ ಹಿಂಬಾಲಿಸಿತು. 2012ರ ಸೆಪ್ಟೆಂಬರಿನಲ್ಲಿ ಒಂದು ಮಾತನ್ನೂ ಆಡದೆ, ಕಾರ್ಡುಗಳ ಮೇಲೆ ಬರೆದು ಒಂದೊಂದಾಗಿ ತೋರಿಸುತ್ತ ತನ್ನ ಕಥೆಯನ್ನು ಲೋಕಕ್ಕೆ ತಿಳಿಸಿದಳು. ಮರುತಿಂಗಳು ತನ್ನ ಹದಿನೈದನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡಳು. ಸಮುದ್ರದಾಚೆ ನೆದರ್ಲೆಂಡ್ಸ್‌ನಲ್ಲಿದ್ದ ಆ ದುಷ್ಟನನ್ನು ಕೆನಡಾದ ನ್ಯಾಯಾಲಯ ವಿಚಾರಣೆಗೆ ತಂದು 2022ರಲ್ಲಿ 13 ವರ್ಷಗಳ ಶಿಕ್ಷೆ ವಿಧಿಸಿತು. ನ್ಯಾಯವೇ ಆಯಿತು. ಆದರೆ ಚಿತ್ರ ಕೈಗೆ ಬಂದಾಗ ನಕ್ಕವರು, ಹೊಸ ಶಾಲೆಯಲ್ಲಿ ಊಟದ ಹೊತ್ತಿಗೆ ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳದವರು, ಇವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ; ಇರುವುದೂ ಸಾಧ್ಯವಿಲ್ಲ.

ನಮ್ಮ ದೇಶದ ಕಾನೂನು ಒಂದು ಮಟ್ಟಿಗೆ ಮುಂದೆ ಕಳುಹಿಸುವವನನ್ನೂ ಹಿಡಿಯುತ್ತದೆ. ಅಶ್ಲೀಲವಾದುದರ ವಿಷಯದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ನೆಯ ಕಲಮು ಪ್ರಕಟಿಸುವವನನ್ನೂ ರವಾನಿಸುವವನನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಆದರೆ ಉಗ್ಗುವ ಹುಡುಗನ ತುಣುಕಿನಲ್ಲಿ ಅಶ್ಲೀಲವೇನೂ ಇಲ್ಲ. ಮನ ನೋಯಿಸುವ ಸಂದೇಶಗಳನ್ನು ಕುರಿತ 66ಎ ಕಲಮನ್ನು, ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ರದ್ದುಪಡಿಸಿತು. ಅದರ ದುರುಪಯೋಗವನ್ನು ಕಂಡವರಿಗೆ ಆ ತೀರ್ಪು ತಪ್ಪೆನಿಸದು. ಎಂದಮೇಲೆ ಕಾನೂನು ಕೈಬಿಟ್ಟ ಜಾಗದಲ್ಲಿ ಧರ್ಮದ ತಕ್ಕಡಿಯನ್ನೇ ಹಿಡಿಯಬೇಕಾಗುತ್ತದೆ.

ಆ ತಕ್ಕಡಿ ಸಭಾಪರ್ವದಲ್ಲಿಯೇ ಇದೆ. ಅಂದು ಪ್ರವಚನದಲ್ಲಿ ಸಮಯ ಸಾಲದೆಂದು ನಾವು ಬಿಟ್ಟಿದ್ದ ಭಾಗವೇ ಅದು. ದ್ರೌಪದಿಯ ಪ್ರಶ್ನೆಗೆ ಸಭೆ ಉತ್ತರಿಸದಿದ್ದಾಗ ವಿದುರನು ಪ್ರಹ್ಲಾದನ ಒಂದು ವೃತ್ತಾಂತವನ್ನು ಹೇಳುತ್ತಾನೆ. ಮಗ ವಿರೋಚನನಿಗೂ ಅಂಗಿರಸರ ಮಗ ಸುಧನ್ವನಿಗೂ ವಿವಾದ ಬಂದಾಗ ಪ್ರಹ್ಲಾದನು ಕಶ್ಯಪರನ್ನು ಕೇಳುತ್ತಾನೆ. ಕಶ್ಯಪರ ನಿರ್ಣಯದ ತಾತ್ಪರ್ಯವಿದು: ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧಭಾಗ ಸಭೆಯ ಮುಖ್ಯಸ್ಥನಿಗೆ, ಕಾಲುಭಾಗ ಮಾಡಿದವನಿಗೆ, ಉಳಿದ ಕಾಲುಭಾಗ ಸುಮ್ಮನೆ ಕುಳಿತ ಸಭಾಸದರಿಗೆ. ಅದೇ ಸಭೆ ಬಾಯಿಬಿಟ್ಟು ತಪ್ಪನ್ನು ತಪ್ಪೆಂದರೆ ಮುಖ್ಯಸ್ಥನೂ ಸಭಾಸದರೂ ಪಾರಾಗುತ್ತಾರೆ. ಪಾಪವೆಲ್ಲ ಮಾಡಿದವನೊಬ್ಬನನ್ನೇ ಸೇರುತ್ತದೆ.

ಈ ಲೆಕ್ಕವನ್ನು ನಾವು ಎಷ್ಟೋ ವರ್ಷಗಳಿಂದ ಓದಿ ಹೇಳಿದ್ದೇವೆ. ಅದರಲ್ಲಿನ ಮೊದಲ ಭಾಗದ ಮೇಲೆ ಈಗ ಮನಸ್ಸು ನಿಂತಿತು. ಮಾಡಿದವನಿಗಿಂತ ಇಮ್ಮಡಿ ಪಾಲು ಸಭೆಯನ್ನು ನಡೆಸುವವನಿಗೆ! ಈ ಹೊಸ ಸಭೆಯ ಮುಖ್ಯಸ್ಥ ಯಾರು? ಮೊದಲನೆಯದಾಗಿ ಆ ಮಂಟಪವನ್ನು ಕಟ್ಟಿ, ಎಷ್ಟು ಹೊತ್ತು ಜನ ಕುಳಿತರೆ ಅಷ್ಟು ಲಾಭವೆಂದು ಎಣಿಸುವ ಕಂಪನಿಗಳು. ತಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುತ್ತಾರೆಯೇ? 2018ರಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶಗಳಿಂದ ದೇಶದ ನಾನಾ ಕಡೆ ನಿರಪರಾಧಿಗಳ ಕೊಲೆಗಳಾದವು. ನಮ್ಮ ಬೀದರ್ ಜಿಲ್ಲೆಯಲ್ಲಿಯೇ, ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದನ್ನು ಸಂಶಯಿಸಿ ಹೈದರಾಬಾದಿನ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಆ ಬಳಿಕ ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಭಾರತದಲ್ಲಿ ಮಿತಿ ಹಾಕಿತು. 2020ರಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಮತ್ತೆ ಬಿಗಿ ಮಾಡಿತು. ಅಂಥವುಗಳ ಹರಿದಾಟ ಶೇಕಡಾ 70ರಷ್ಟು ತಗ್ಗಿತೆಂದು ಕಂಪನಿಯೇ ತಿಳಿಸಿತು. ಬಾಗಿಲನ್ನು ಕಿರಿದು ಮಾಡಬಲ್ಲವನು ಮಾಡದಿದ್ದರೆ ಅರ್ಧಭಾಗ ಅವನದೇ.

ಸರ್ಕಾರಗಳೂ ತಮ್ಮ ಪ್ರಯತ್ನ ಮಾಡುತ್ತಿವೆ. ದಕ್ಷಿಣ ಕೊರಿಯ 2011ರಲ್ಲಿ ಹದಿನಾರು ತುಂಬದವರಿಗೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಅಂತರಜಾಲದ ಆಟಗಳನ್ನು ನಿಷೇಧಿಸಿ, ಹತ್ತು ವರ್ಷಗಳ ಬಳಿಕ ಆ ನಿಷೇಧವನ್ನು ಕೈಬಿಟ್ಟಿತು. ಆಸ್ಟ್ರೇಲಿಯದಲ್ಲಿ ಹದಿನಾರರೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದಬಾರದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ಇವುಗಳ ಫಲವನ್ನು ಕಾಲವೇ ಹೇಳಬೇಕು.

ಎರಡನೆಯ ಮುಖ್ಯಸ್ಥನನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ, ಏಕೆಂದರೆ ಅವನು ನಮ್ಮ ಮನೆಯಲ್ಲೇ ಇದ್ದಾನೆ. ಒಂದೆರಡು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಗುಂಪಿಗೆ ಒಂದು ತುಣುಕು ಬಂದಿತ್ತು. ಯಾರದೋ ಉಪನಯನ, ವಟು ಅಭಿವಾದನ ಹೇಳುವಾಗ ಪ್ರವರ ಮರೆತು, ಸುತ್ತಲಿನವರ ನಗುವನ್ನು ಕೇಳಿ ಅಳತೊಡಗಿದ್ದಾನೆ. ಅದನ್ನು ಕಳುಹಿಸಿದವರು ಅರುವತ್ತು ದಾಟಿದ ಹಿರಿಯರು. ನಕ್ಕವರಲ್ಲಿ ನಾವೂ ಒಬ್ಬರು. ಆ ಬಾಲಕನಿಗೆ ಈಗ ಹದಿಮೂರೋ ಹದಿನಾಲ್ಕೋ ಆಗಿರಬೇಕು. ಆ ತುಣುಕು ಇನ್ನೂ ಯಾವ ಯಾವ ಮೊಬೈಲಿನಲ್ಲಿದೆಯೋ! ಮನೆಯ ಹಿರಿಯರು ಇಂಥದಕ್ಕೆ ನಗುವುದನ್ನು ನೋಡಿ ಬೆಳೆದ ಮಗು ಶಾಲೆಯಲ್ಲಿ ಬೇರೇನು ಕಲಿತೀತು? ತಾಯಿಯ ಪ್ರಶ್ನೆಗೆ ನಾವು ಥಟ್ಟನೆ ಉತ್ತರಿಸಲಾಗದ ಕಾರಣವೂ ಇದೇ ಇರಬೇಕು.

ಇನ್ನು ಸಭಾಸದರ ಕಾಲುಭಾಗ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲಿ ಎಂಬ ವಿದುಷಿ ಮತ್ತು ಅವರ ಸಂಗಡಿಗರು 1996ರಲ್ಲೇ ತೋರಿಸಿಕೊಟ್ಟಂತೆ ಶಾಲೆಯ ಪೀಡನೆಯಲ್ಲಿ ಇಬ್ಬರೇ ಇರುವುದಿಲ್ಲ; ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಅಪರೂಪಕ್ಕೆ ಅಡ್ಡ ಬರುವವರು ಎಂದು ಇಡೀ ತರಗತಿಯೇ ಅದರಲ್ಲಿರುತ್ತದೆ. ಅಲ್ಲಿ 'ಕಿವಾ' ಎಂಬ ಹೆಸರಿನಲ್ಲಿ 2009ರಿಂದ ದೇಶವ್ಯಾಪಿಯಾಗಿ ಆರಂಭವಾದ ಶಿಕ್ಷಣಕ್ರಮ, ಪೀಡಕನಿಗಿಂತ ಹೆಚ್ಚಾಗಿ ಈ ನೋಡುಗರನ್ನೇ ಉದ್ದೇಶಿಸಿದ್ದು. ಅದರಿಂದ ಪೀಡನೆ ಕಡಿಮೆಯಾದುದೂ ಕಂಡುಬಂದಿತು. ಕೆನಡಾದ ಸಂಶೋಧಕರು ಶಾಲಾ ಮೈದಾನಗಳಲ್ಲಿ ಚಿತ್ರೀಕರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೊತೆಯ ಮಗುವೊಂದು ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು. ಹತ್ತೇ ಸೆಕೆಂಡು! ಕುರುಸಭೆಯಲ್ಲಿ ವಿಕರ್ಣನೊಬ್ಬನೇ ಎದ್ದ. ಅವನ ಬೆನ್ನಿಗೆ ಇನ್ನಿಬ್ಬರು ಎದ್ದಿದ್ದರೆ ಏನಾಗುತ್ತಿತ್ತೋ ಎಂದು ಊಹಿಸಬೇಕೆನಿಸುತ್ತದೆ.

ಪೀಡನೆಗೆ ಒಳಗಾದ ಮಗು ಮನೆಯಲ್ಲಿ ಏಕೆ ಹೇಳುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ಹೇಳಿದೊಡನೆ ಮೊಬೈಲು ಕಸಿದುಕೊಳ್ಳುತ್ತಾರೆಂಬ ಭಯವೇ ಮುಖ್ಯ ಕಾರಣಗಳಲ್ಲೊಂದು. ಅದು ಚಟದ ಮಾತು ಮಾತ್ರವೆಂದು ತಿಳಿಯಬಾರದು. ಮನೆಪಾಠದ ವಿವರ ಬರುವುದು ಅದರಲ್ಲಿ, ಉಳಿದಿರುವ ಒಬ್ಬಿಬ್ಬರು ಸ್ನೇಹಿತರು ಇರುವುದೂ ಅದರಲ್ಲಿ. ಪೆಟ್ಟು ತಿಂದವನಿಗೇ ದಂಡ ವಿಧಿಸಿದಂತಾದರೆ ಅವನು ಮುಂದಿನ ಸಾರಿ ಬಾಯಿ ಬಿಡುವುದಿಲ್ಲ. ಆದುದರಿಂದ ತಂದೆತಾಯಿಗಳು ಮೊದಲು ಕೇಳಬೇಕು, ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕು, ಶಾಲೆಗೆ ತಿಳಿಸಬೇಕು. ಬೆದರಿಕೆ ಅಥವಾ ಅಶ್ಲೀಲ ಚಿತ್ರದ ವಿಷಯವಾದರೆ 1930ಕ್ಕೆ, ಮಕ್ಕಳ ರಕ್ಷಣೆಗಾಗಿ 1098ಕ್ಕೆ ದೂರವಾಣಿ ಮಾಡಬಹುದು. ಮಗು ಊಟ ನಿದ್ರೆ ಬಿಟ್ಟು, ಬದುಕು ಬೇಡವೆಂಬಂತೆ ಮಾತಾಡಿದರೆ ಕ್ಷಣವೂ ತಡಮಾಡದೆ 14416ಕ್ಕೆ ಕರೆಮಾಡಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದರಲ್ಲಿ ಮಾನಾಪಮಾನದ ಲೆಕ್ಕ ಹಾಕಬಾರದು.

ಮುಂದಿನ ಶನಿವಾರ ಆ ತಾಯಿ ಬಂದಾಗ ವಿದುರನ ಮಾತನ್ನು ಅವರಿಗೆ ತಿಳಿಸಿದೆವು. ಕಾಲುಭಾಗವನ್ನು ಎಷ್ಟು ಜನ ಹಂಚಿಕೊಳ್ಳಬೇಕೆಂಬುದು ತಿಳಿಯದು, ಆದರೆ ನಿಮ್ಮ ಮಗನ ಹೆಸರು ಆ ಪಟ್ಟಿಯಲ್ಲಿದೆ. ಅದನ್ನು ಅವನೇ ತೆಗೆಸಿಕೊಳ್ಳಬಹುದು, ದಾರಿಯನ್ನೂ ಕಶ್ಯಪರೇ ಹೇಳಿದ್ದಾರೆ, ಎಂದೆವು. ಹುಡುಗ ಒಂದು ದಿನ ಮುಖ ಊದಿಸಿಕೊಂಡಿದ್ದನಂತೆ. ಮರುದಿನ ತಾನು ಆ ತುಣುಕನ್ನು ಕಳುಹಿಸಿದ ಗುಂಪಿನಲ್ಲೇ, ನಾನು ಕಳುಹಿಸಿದ್ದು ತಪ್ಪು, ಎಲ್ಲರೂ ಅಳಿಸಿಬಿಡಿ ಎಂದು ಬರೆದ. ನಾಲ್ವರು ಅವನನ್ನೇ ಅಣಕಿಸಿದರು. ಹನ್ನೊಂದು ಮಂದಿ ಅಳಿಸಿದ್ದೇವೆಂದು ಉತ್ತರ ಕೊಟ್ಟರು.

ನಾವೂ ನಮ್ಮ ಬಂಧುಗಳ ಗುಂಪಿನಲ್ಲಿ ಆ ಉಪನಯನದ ತುಣುಕಿನ ಬಗ್ಗೆ ಇಂಥದೇ ನಾಲ್ಕು ಸಾಲು ಬರೆದೆವು. ಇದುವರೆಗೆ ಉತ್ತರ ಬಂದದ್ದು ಇಬ್ಬರಿಂದ.

ಬಳಿಕ ತಾಯಿ ಮಗ ಇಬ್ಬರೂ ಉಗ್ಗುವ ಹುಡುಗನ ಮನೆಗೆ ಹೋದರು. ಅವನ ಅಜ್ಜಿ ಕೂರಿಸಿ ಕುಡಿಯಲು ನೀರು ಕೊಟ್ಟರು. ಹುಡುಗ ಕೋಣೆಯಿಂದ ಹೊರಗೆ ಬರಲಿಲ್ಲ. ಮುಂದಿನ ಗುರುವಾರ ಮತ್ತೆ ಹೋಗುತ್ತೇವೆಂದು ಆಕೆ ಹೇಳಿದ್ದಾರೆ.